ರವದಿ ಸುಡುವುದೋ, ಹೊದಿಸುವುದೋ, ಇದ್ದಿಲು ಮಾಡುವುದೋ: ಆರು ಎಕರೆ ಕಬ್ಬಿನ ಕಾರ್ಬನ್ ಲೆಕ್ಕ

ಪ್ರಶ್ನೆ: ಸರ್, ನಮಸ್ಕಾರ್ರಿ. ಮುಧೋಳ ತಾಲೂಕಿನಾಗ ನಮ್ದು 6 ಎಕರೆ ಎರಿ (ಕರಿ ಮಣ್ಣಿನ) ಹೊಲ ಐತ್ರಿ, ಪೂರಾ ಕಬ್ಬು. 10 ಎಚ್‌ಪಿ ಮೋಟಾರ್ ಮ್ಯಾಲೆ ನೀರು. ವರ್ಷಾ ಕಬ್ಬು ಕಡದ ಮ್ಯಾಲೆ ಉಳಿಯೋ ಒಣ ಎಲಿ, ರವದಿಗೆ ಬೆಂಕಿ ಹಚ್ಚೂದು ನಮ್ಮ ಕಡೆ ರೂಢಿ. ಈ ಸಲ ಮಗ ಬ್ಯಾಡ ಅಂತಾನ. ಎಕರೆಕ್ಕ 5 ಟನ್ ಕಾರ್ಬನ್ ಡೈಆಕ್ಸೈಡ್ ಮ್ಯಾಲೆ ಹೋಗತೈತಿ ಅಂತ ಅವನ ಲೆಕ್ಕ. ಅದರಾಗ ಮೊನ್ನೆ ಒಬ್ರು ಬಂದು ರವದಿ ಇದ್ದಿಲು ಮಾಡ್ರಿ, ಬಯೋಚಾರ್ ಅಂತಾರ, ಕಾರ್ಬನ್ ಕ್ರೆಡಿಟ್ ರೊಕ್ಕ ಬರತೈತಿ ಅಂತ ಹೇಳಿ ಕಾಗದಕ್ಕ ಸಹಿ ಕೇಳ್ಯಾರ. ಇದು ಖರೇನ? ಇದ್ದಿಲು ಮಾಡೂದು ಹೆಂಗ? ನಮ್ಮ ಎರಿ ಮಣ್ಣಿಗೆ ಅದು ಹೊಂದತೈತೇನು? ಮತ್ತ ಕೂಡಗಿ ಕರೆಂಟ್ ಸ್ಥಾವರದ ಚಿಮಣಿ, ಫ್ಯಾಕ್ಟರಿ ಚಿಮಣಿ ಬಿಟ್ಟು ನಮ್ಮ ಹೊಲದ ಹೊಗಿನ ಯಾಕ ಎಲ್ಲಾರ ಕಣ್ಣಿಗೆ ಬೀಳತೈತಿ?

ಉತ್ತರ: ನಿಮ್ಮ ಮಗ ಹೇಳಿದ ಅಂಕಿ ಸರಿಯಾಗಿದೆ. ಆದರೆ ಆ 5 ಟನ್‌ನಲ್ಲಿ ವಾತಾವರಣಕ್ಕೆ ಹೊಸದಾಗಿ ಸೇರುವುದು ಬಹಳ ಕಡಿಮೆ. ನಿಮ್ಮ ಹೊಲದ ಲೆಕ್ಕದಲ್ಲಿ ಮೊದಲ ಸ್ಥಾನ ಮೋಟಾರಿನದು, ಎರಡನೆಯದು ಯೂರಿಯಾದ್ದು, ರವದಿಯ ಬೆಂಕಿ ಮೂರನೆಯದು. ಹಾಗಿದ್ದರೂ ರವದಿ ಸುಡಬಾರದು. ಅದಕ್ಕೆ ಕಾರಣ ಬೇರೆ, ಕೆಳಗೆ ಹೇಳುತ್ತೇನೆ. ಇದ್ದಿಲು ಒಳ್ಳೆಯ ದಾರಿ, ಆದರೆ ನಿಮ್ಮ ಎರೆ ಭೂಮಿಯಲ್ಲಿ ಅದರಿಂದ ಇಳುವರಿ ಜಿಗಿಯುತ್ತದೆ ಎಂದು ನಂಬಬೇಡಿ. ಕಾಗದಕ್ಕೆ ಈಗಲೇ ಸಹಿ ಮಾಡಬೇಡಿ.

ಮೊದಲು ಎರಡು ಬಗೆಯ ಕಾರ್ಬನ್ನನ್ನು ಬೇರೆ ಬೇರೆ ಇಟ್ಟುಕೊಳ್ಳೋಣ. ನಿಮ್ಮ ಕಬ್ಬಿನ ಎಲೆಯಲ್ಲಿರುವ ಕಾರ್ಬನ್ ಕಳೆದ ಹನ್ನೆರಡು ತಿಂಗಳಲ್ಲಿ ಗಾಳಿಯಿಂದಲೇ ಬಂದದ್ದು. ಎಲೆಯನ್ನು ಸುಟ್ಟರೂ, ಕೊಳೆಸಿದರೂ, ದನ ತಿಂದರೂ ಅದರ ಹೆಚ್ಚಿನ ಪಾಲು ಮತ್ತೆ ಗಾಳಿಗೇ ಹೋಗುತ್ತದೆ. ಮುಂದಿನ ಕುಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಇದು ಸುತ್ತುವ ಕಾರ್ಬನ್. ಕಲ್ಲಿದ್ದಲು, ಡೀಸೆಲ್, ಸುಣ್ಣದ ಕಲ್ಲಿನಲ್ಲಿ ಇರುವುದು ಕೋಟ್ಯಂತರ ವರ್ಷ ನೆಲದೊಳಗೆ ಹೂತಿದ್ದ ಕಾರ್ಬನ್. ಅದನ್ನು ಮೇಲೆ ತಂದು ಸುಟ್ಟರೆ ಗಾಳಿಯ ಖಾತೆಗೆ ಜಮೆಯೇ ಹೊರತು ಖರ್ಚಿಲ್ಲ. ಕೈಗಾರಿಕೆಗಳು ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಈ ಅನಿಲ, 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ ಸುಮಾರು 315 ಇತ್ತು. ಈಗ 420 ದಾಟಿದೆ. ಈ ಏರಿಕೆಯ ಬಹುಪಾಲು ನೆಲದೊಳಗಿನಿಂದ ಎತ್ತಿದ ಕಾರ್ಬನ್ನಿನದು, ಉಳಿದದ್ದು ಕಾಡು ಕಡಿದದ್ದರದು.

ಈಗ ನಿಮ್ಮ ಹೊಲಕ್ಕೆ ಬರೋಣ. ಎಕರೆಗೆ 40 ಟನ್ ಕಬ್ಬು ಬಂದರೆ ಅದರ ಹತ್ತನೇ ಒಂದು ಪಾಲು, ಅಂದರೆ ಸುಮಾರು 4 ಟನ್ ಒಣ ರವದಿ ಉಳಿಯುತ್ತದೆ. ಬೆಂಕಿ ಹಚ್ಚಿದರೆ ಅದರಲ್ಲಿ 80 ಪ್ರತಿಶತ ಸುಡುತ್ತದೆ. ಒಂದು ಕೆಜಿ ರವದಿ ಒಂದೂವರೆ ಕೆಜಿ ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. ಮಗನ 5 ಟನ್ ಬಂದದ್ದು ಹೀಗೆ. ಇದು ಸುತ್ತುವ ಕಾರ್ಬನ್ ಆದ್ದರಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಬಯಲಿನ ಬೆಂಕಿ ಪೂರ್ತಿ ಉರಿಯುವುದಿಲ್ಲ. ಅರೆಬರೆ ಉರಿದ ಹೊಗೆಯಲ್ಲಿ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಇರುತ್ತವೆ. ಮೀಥೇನ್ ನೂರು ವರ್ಷದ ಅವಧಿಯಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು, ನೈಟ್ರಸ್ ಆಕ್ಸೈಡ್ 273 ಪಟ್ಟು ಬಿಸಿ ಹಿಡಿಯುತ್ತದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿ ಕೊಟ್ಟಿರುವ ಗುಣಕಗಳನ್ನು ಹಾಕಿ ನೋಡಿದರೆ ಎಕರೆಗೆ ಸುಮಾರು 300 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮನಾದ ಹಾನಿ. ಆರು ಎಕರೆಗೆ 1.8 ಟನ್. ರವದಿಯ ಬೆಂಕಿಯಿಂದ ನಿಜಕ್ಕೂ ಹೊಸದಾಗಿ ಸೇರುವ ಹೊರೆ ಇಷ್ಟು.

ಮೋಟಾರು ನೋಡಿ. 10 ಎಚ್‌ಪಿ ಮೋಟಾರು ಸುಸ್ಥಿತಿಯಲ್ಲಿದ್ದರೆ ಗಂಟೆಗೆ 8.8 ಯೂನಿಟ್ ಹತ್ತಿರ ಎಳೆಯುತ್ತದೆ. ವರ್ಷಕ್ಕೆ 1500 ಗಂಟೆ ನಡೆದರೆ 13,000 ಯೂನಿಟ್ ದಾಟುತ್ತದೆ. ಇಡೀ ದೇಶದ ಗ್ರಿಡ್ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್. ಅಂದರೆ ವರ್ಷಕ್ಕೆ 9 ಟನ್‌ಗಿಂತ ಹೆಚ್ಚು. ಹೊಲದಲ್ಲಿ ಒಂದು ಎಳೆ ಹೊಗೆಯೂ ಕಾಣುವುದಿಲ್ಲ, ಏಕೆಂದರೆ ಅದು ಏಳುವುದು ವಿದ್ಯುತ್ ಸ್ಥಾವರದ ಚಿಮಣಿಯಲ್ಲಿ. ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ: ಕೂಡಗಿಯ ಹೊಗೆ ಮತ್ತು ನಿಮ್ಮ ಮೋಟಾರು ಒಂದೇ ತಂತಿಯ ಎರಡು ತುದಿ.

ಯೂರಿಯಾದ ಲೆಕ್ಕ ಇನ್ನೂ ಕಡಿಮೆ ಜನಕ್ಕೆ ಗೊತ್ತು. ಯೂರಿಯಾದ ಅಣುವಿನಲ್ಲೇ ಕಾರ್ಬನ್ ಇದೆ. ಮಣ್ಣಿನ ತೇವದಲ್ಲಿ ಅದು ಒಡೆದಾಗ 45 ಕೆಜಿಯ ಒಂದು ಚೀಲದಿಂದ 33 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅದರ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ ಎಂದು ಹಿಡಿದರೆ ಇನ್ನೊಂದು 89 ಕೆಜಿಗೆ ಸಮ. ಒಟ್ಟು ಚೀಲಕ್ಕೆ 120 ಕೆಜಿ ದಾಟಿತು. ಎಕರೆಗೆ 5 ಚೀಲದಂತೆ 30 ಚೀಲ ಹಾಕಿದರೆ ಸುಮಾರು 3.7 ಟನ್. ಯೂರಿಯಾ ತಯಾರಿಸುವ ಕಾರ್ಖಾನೆಯಲ್ಲಿ ಉರಿಯುವ ನೈಸರ್ಗಿಕ ಅನಿಲ ಇದರಲ್ಲಿ ಸೇರಿಲ್ಲ. ಟ್ರ್ಯಾಕ್ಟರಿನ ಡೀಸೆಲ್ ಲೀಟರಿಗೆ 2.68 ಕೆಜಿ. 300 ಲೀಟರ್ ಹಾಕಿಸಿದ್ದರೆ 0.8 ಟನ್.

ಆದ್ದರಿಂದ ಮೊದಲ ಕೆಲಸ ಮೋಟಾರಿನ ಹತ್ತಿರ. 200 ಲೀಟರಿನ ಬ್ಯಾರಲ್ ಅನ್ನು ಪೈಪಿನ ಬಾಯಿಗೆ ಇಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಬರೆದಿಡಿ. ಉದಾಹರಣೆಗೆ, ಹೊಸದಿದ್ದಾಗ 9 ಸೆಕೆಂಡಿಗೆ ತುಂಬುತ್ತಿದ್ದದ್ದು ಅದೇ ನೀರಿನ ಮಟ್ಟದಲ್ಲಿ ಈಗ 12 ಸೆಕೆಂಡು ಹಿಡಿದರೆ, ಅದೇ ಕಬ್ಬಿಗೆ ಮೂರನೇ ಒಂದು ಭಾಗ ಹೆಚ್ಚು ಹೊತ್ತು ಮೋಟಾರು ಓಡಿಸುತ್ತಿದ್ದೀರಿ. ಫುಟ್‌ವಾಲ್ವ್ ಕಸ ಕಟ್ಟಿರುವುದು, ಇಂಪೆಲ್ಲರ್ ಸವೆದಿರುವುದು, ಸಕ್ಷನ್ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುವುದು, ಬೇಡದ ಕಡೆ ಬೆಂಡ್ ಹಾಕಿರುವುದು ಸಾಮಾನ್ಯ ಕಾರಣಗಳು. ಎರಡು ಮೂರು ಸಲ ರಿವೈಂಡಿಂಗ್ ಆದ ಮೋಟಾರು ಮೊದಲಿನ ದಕ್ಷತೆ ಕೊಡುವುದು ಕಷ್ಟ. ಸ್ಟಾರ್ಟರಿನ ಪಕ್ಕದ ಕೆಪಾಸಿಟರ್ ಉಬ್ಬಿದ್ದರೆ ಅಥವಾ ಯಾರೋ ಬಿಚ್ಚಿ ಇಟ್ಟಿದ್ದರೆ ಸರಿಪಡಿಸಿ. ಅದು ಇಲ್ಲದಿದ್ದರೆ ಲೈನು ಬಿಸಿಯಾಗಿ ಕರೆಂಟು ಪೋಲಾಗುತ್ತದೆ. ಡ್ರಿಪ್ ಹಾಕಿದರೆ ನೀರು ಗಣನೀಯವಾಗಿ ಉಳಿಯುತ್ತದೆ. ಆದರೆ ಡ್ರಿಪ್ಪಿಗೆ ಒತ್ತಡ ಬೇಕಾದ್ದರಿಂದ ನೀರು ಉಳಿದ ಪ್ರಮಾಣದಲ್ಲೇ ಕರೆಂಟು ಉಳಿಯುವುದಿಲ್ಲ. ಯೂರಿಯಾವನ್ನು ಡ್ರಿಪ್ಪಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಬಹುದು ಎಂಬುದೇ ಅದರ ದೊಡ್ಡ ಲಾಭ. ಡ್ರಿಪ್ ಇಲ್ಲದಿದ್ದರೆ ಯೂರಿಯಾ ಎರಚಿ ಬಿಡಬೇಡಿ, ಬುಡದ ಪಕ್ಕ ಹಾಕಿ ಮಣ್ಣು ಮುಚ್ಚಿ. ನಮ್ಮ ಎರೆ ಭೂಮಿಯ ಕ್ಷಾರ ಗುಣಕ್ಕೆ ಮೇಲೆ ಬಿದ್ದ ಯೂರಿಯಾ ಅಮೋನಿಯಾ ಆಗಿ ಹಾರುವುದು ಬಹಳ ಬೇಗ.

ಇನ್ನು ರವದಿ. ಅದನ್ನು ಸುಡಬಾರದು ಎನ್ನಲು ಕಾರ್ಬನ್ ಡೈಆಕ್ಸೈಡಿಗಿಂತ ಗಟ್ಟಿಯಾದ ಕಾರಣ ನೆಲದಲ್ಲಿದೆ. 4 ಟನ್ ರವದಿಯಲ್ಲಿ ಸುಮಾರು 16 ಕೆಜಿ ಸಾರಜನಕ ಇರುತ್ತದೆ, ಮುಕ್ಕಾಲು ಚೀಲ ಯೂರಿಯಾಕ್ಕೆ ಸಮ. ಬೆಂಕಿಗೆ ಅದರ ಬಹುಪಾಲು ಹೋಗುತ್ತದೆ. ಬೂದಿಯಲ್ಲಿ ಉಳಿಯುವುದು ಪೊಟ್ಯಾಶ್ ಮತ್ತು ಸ್ವಲ್ಪ ರಂಜಕ, ಅದನ್ನೂ ಗಾಳಿ ಒಯ್ಯುತ್ತದೆ. ಜೊತೆಗೆ ಒಂದೂವರೆ ಟನ್ ಹತ್ತಿರ ಕಾರ್ಬನ್ ಮಣ್ಣಿಗೆ ಸಿಗದೆ ಹೋಯಿತು. ಸುಡುವುದರ ಹಿಂದಿನ ಕಾರಣಗಳು ಸುಳ್ಳಲ್ಲ. ರವದಿ ಇದ್ದರೆ ನೀರು ಮುಂದೆ ಹರಿಯುವುದಿಲ್ಲ, ಇಲಿ ಮತ್ತು ಹಾವಿನ ಭಯ, ಪಕ್ಕದ ಹೊಲದ ಕಿಡಿ ಬಿದ್ದರೆ ಕುಳೆ ಸಮೇತ ಹೋಗುವ ಭಯ. ಆದ್ದರಿಂದ ಹಾಗೇ ಬಿಟ್ಟುಬಿಡಿ ಎಂದು ಹೇಳುವುದು ಸಲಹೆಯಾಗುವುದಿಲ್ಲ.

ಮಾಡಬೇಕಾದ್ದು ಹೀಗೆ. ಕಬ್ಬು ಹೋದ ವಾರದೊಳಗೆ ಎತ್ತರ ಉಳಿದ ಬುಡಗಳನ್ನು ನೆಲಮಟ್ಟಕ್ಕೆ ಸವರಿ. ರವದಿಯನ್ನು ಬುಡದ ಮೇಲಿಂದ ಸರಿಸಿ, ಹಾಯಿ ನೀರಿದ್ದರೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ತುಂಬಿ. ಖಾಲಿ ಸಾಲಿನಲ್ಲಿ ನೀರು ಹರಿಯುತ್ತದೆ, ತುಂಬಿದ ಸಾಲಿನಲ್ಲಿ ಕಸ ಏಳುವುದಿಲ್ಲ. ಟ್ರ್ಯಾಕ್ಟರಿಗೆ ಜೋಡಿಸುವ ರವದಿ ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಕ್ಕರೆ ಗೇಣುದ್ದಕ್ಕಿಂತ ಸಣ್ಣ ತುಂಡು ಮಾಡಿಸಿ. ಕೊಳೆಯುವುದು ಬೇಗ, ಇಲಿಗೆ ಮರೆಯೂ ಕಡಿಮೆ. ಒಂದು ಟನ್ ರವದಿಗೆ 8 ಕೆಜಿ ಯೂರಿಯಾ, 10 ಕೆಜಿ ಸಿಂಗಲ್ ಸೂಪರ್ ಫಾಸ್ಫೇಟ್, 1 ಕೆಜಿ ಕೊಳೆಸುವ ಜೀವಾಣು ಎಂಬುದು ಕಬ್ಬಿನ ನಾಡಿನಲ್ಲಿ ರೂಢಿಯಲ್ಲಿರುವ ಅಳತೆ. ನಿಮಗೆ ಎಕರೆಗೆ 32 ಕೆಜಿ, 40 ಕೆಜಿ, 4 ಕೆಜಿ ಆಯಿತು. ಜೀವಾಣುವನ್ನು ಸಗಣಿ ರಾಡಿಯಲ್ಲಿ ಕಲಸಿ ಸಂಜೆ ಹೊತ್ತು ಚಿಮುಕಿಸಿ, ಯೂರಿಯಾ ಹಾಕಿದ ತಕ್ಷಣ ನೀರು ಬಿಡಿ.

ಈ ಯೂರಿಯಾ ಬಿಟ್ಟರೆ ಏನಾಗುತ್ತದೆ ಎಂಬುದು ಮುಖ್ಯ. ರವದಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರರ ಹತ್ತಿರ ಪಾಲು ಕಾರ್ಬನ್ ಇದೆ. ಅದನ್ನು ತಿನ್ನುವ ಜೀವಾಣುಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಕಸಿಯುತ್ತವೆ. ಒಂದು ಒಂದೂವರೆ ತಿಂಗಳಿಗೆ ಕುಳೆಯ ಚಿಗುರು ಹಳದಿಯಾಗುತ್ತದೆ. ರೈತರು ‘ರವದಿ ಹಾಕಿದ್ದಕ್ಕೆ ಕಬ್ಬು ಕೆಟ್ಟಿತು’ ಎಂದು ಮುಂದಿನ ವರ್ಷ ಮತ್ತೆ ಬೆಂಕಿ ಹಚ್ಚುತ್ತಾರೆ. ಹಲವು ಕಡೆ ಹೊದಿಕೆ ಸೋತದ್ದು ಈ ಒಂದೇ ತಪ್ಪಿನಿಂದ. ಮೊದಲ ವರ್ಷ ಈ ಯೂರಿಯಾ ಹೆಚ್ಚುವರಿಯೇ. ಎರಡು ಮೂರು ವರ್ಷ ಹೊದಿಸಿದ ಮೇಲೆ ಮಣ್ಣು ಪರೀಕ್ಷೆ ನೋಡಿ ಒಟ್ಟು ಪ್ರಮಾಣ ಇಳಿಸಿ. ಬೆಂಕಿಯ ಭಯಕ್ಕೆ ದಾರಿ ಮತ್ತು ಒಡ್ಡಿನ ಬದಿಗೆ ಹತ್ತು ಅಡಿ ರವದಿ ಇಲ್ಲದ ಪಟ್ಟಿ ಬಿಡಿ. ಆ ಬದಿಯಿಂದ ಎತ್ತಿದ ರವದಿ ಇದ್ದಿಲಿಗೆ ಬರುತ್ತದೆ.

ಇದ್ದಿಲಿನ ತತ್ವ ಸರಳ. ಗಾಳಿ ಇಲ್ಲದೆ ಕಾಯಿಸಿದರೆ ಎಲೆಯ ಕಾರ್ಬನ್ನಿನ ಒಂದು ಭಾಗ ಅನಿಲವಾಗಿ ಹೋಗದೆ ಜೀವಾಣುಗಳು ಸುಲಭಕ್ಕೆ ತಿನ್ನಲಾರದ ರೂಪಕ್ಕೆ ತಿರುಗುತ್ತದೆ. 450ರಿಂದ 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆದ ಇದ್ದಿಲಿನ ಕಾರ್ಬನ್ನಿನಲ್ಲಿ ನೂರು ವರ್ಷದ ನಂತರವೂ ಸುಮಾರು 80 ಪ್ರತಿಶತ ಮಣ್ಣಿನಲ್ಲೇ ಉಳಿಯುತ್ತದೆ ಎಂದು ಐಪಿಸಿಸಿ 2019ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಇಟ್ಟಿದೆ. ಸುತ್ತುವ ಕಾರ್ಬನ್ನನ್ನು ಸುತ್ತಿನಿಂದ ಹೊರಗೆ ಎಳೆದು ನೆಲದಲ್ಲಿ ಕೂಡಿಸುವ ಕೆಲಸ ಇದು. ರೈತನ ಕೈಗೆಟುಕುವ ಇಂಥ ದಾರಿಗಳು ಬಹಳ ಇಲ್ಲ, ಆದ್ದರಿಂದಲೇ ಇದನ್ನು ಸರಿಯಾಗಿ ಮಾಡಬೇಕು ಎನ್ನುವ ಕಳಕಳಿ.

ಎಣ್ಣೆಯ ಡ್ರಮ್ಮಿನಲ್ಲಿ ಮಾಡಲು ಹೋಗಬೇಡಿ. ಸಡಿಲ ರವದಿ ಎಷ್ಟು ಹಗುರ ಎಂದರೆ 200 ಲೀಟರಿನ ಡ್ರಮ್ಮಿಗೆ 8 ಕೆಜಿ ಹಿಡಿಯುವುದು ಹೆಚ್ಚು, ಒಂದೂವರೆ ಕೆಜಿ ಇದ್ದಿಲು ಸಿಕ್ಕೀತು. ಇದಕ್ಕೆ ಗುಂಡಿ ಲೇಸು. ಮೇಲೆ 5 ಅಡಿ ಅಗಲ, ತಳದಲ್ಲಿ ಎರಡೂಕಾಲು ಅಡಿ, ಆಳ ಎರಡೂವರೆ ಅಡಿಯ ಹಾಗೆ ಬಾಣಲೆಯಂತೆ ಇಳಿಜಾರಾಗಿ ತೋಡಿ, ಗೋಡೆಯನ್ನು ಒದ್ದೆ ಮಣ್ಣಿನಿಂದ ತಟ್ಟಿ ನಯ ಮಾಡಿ. ನಿಂತ ಕಬ್ಬಿನಿಂದ ಕನಿಷ್ಠ ನೂರು ಅಡಿ ದೂರ ಇರಲಿ. ಬೆಳಗಿನ ಜಾವ ಶುರು ಮಾಡಿ, ಮಧ್ಯಾಹ್ನದ ಗಾಳಿ ಏಳುವ ಮುಂಚೆ ಮುಗಿಸಿ. ಬೆಂಕಿ ಹಚ್ಚುವ ಮುಂಚೆಯೇ ಎರಡು ಬ್ಯಾರಲ್ ನೀರು ಪಕ್ಕದಲ್ಲಿರಬೇಕು.

ರವದಿ ಒಣಗಿದೆಯೋ ಎಂದು ಕೈಯಲ್ಲಿ ಹಿಡಿದು ತಿರುಚಿ ನೋಡಿ. ಪಟಪಟ ಮುರಿಯಬೇಕು, ಹಗ್ಗದಂತೆ ಹೊಸೆದುಕೊಂಡರೆ ಇನ್ನೂ ಹಸಿ. ಸಡಿಲವಾಗಿ ಎಸೆದರೆ ಕ್ಷಣದಲ್ಲಿ ಬೂದಿಯಾಗುತ್ತದೆ. ಆದ್ದರಿಂದ ಎರಡು ಅಡಿ ಉದ್ದ, ತೋಳಿನ ದಪ್ಪದ ಪೆಂಡಿ ಮಾಡಿ ರವದಿಯಿಂದಲೇ ಬಿಗಿಯಾಗಿ ಕಟ್ಟಿ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಬಳ್ಳಾರಿ ಜಾಲಿಯ ಕೊಂಬೆ, ದ್ರಾಕ್ಷಿ ಚಾಟಿನಿಯ (ಬಳ್ಳಿ ಸವರಿದ) ಕಡ್ಡಿ ಇದ್ದರೆ ಬೆರೆಸಿ. ನಿಜ ಹೇಳಬೇಕೆಂದರೆ ರವದಿಗಿಂತ ತೊಗರಿ ಕಟ್ಟಿಗೆಯ ಇದ್ದಿಲು ಎಲ್ಲ ರೀತಿಯಲ್ಲೂ ಮೇಲು. ಕಟ್ಟಲು ಶ್ರಮವಿಲ್ಲ, ಬೂದಿ ಕಡಿಮೆ, ಇದ್ದಿಲು ಗಟ್ಟಿ.

ತಳದಲ್ಲಿ ಒಣ ಕಡ್ಡಿಗಳನ್ನು ಚೌಕಟ್ಟಾಗಿ ಅಡ್ಡಡ್ಡ ಜೋಡಿಸಿ ಬೆಂಕಿಯನ್ನು ಕೆಳಗಿನಿಂದಲ್ಲ, ಮೇಲಿನಿಂದ ಹಚ್ಚಿ. ಕೆಂಡದ ಹಾಸು ಆದ ಮೇಲೆ ಪೆಂಡಿಗಳನ್ನು ಒಂದು ಪದರವಾಗಿ ಹರಡಿ. ಜ್ವಾಲೆ ಮೇಲಿನ ಗಾಳಿಯ ಆಮ್ಲಜನಕವನ್ನೆಲ್ಲ ತಾನೇ ತಿಂದುಬಿಡುತ್ತದೆ, ಆದ್ದರಿಂದ ಅದರ ಕೆಳಗಿನ ಇದ್ದಿಲು ಉರಿಯುವುದಿಲ್ಲ. ಕೆಳಗಿನಿಂದ ಏಳುವ ಅನಿಲ ಜ್ವಾಲೆಯ ಮೂಲಕವೇ ಹೋಗಬೇಕಾದ್ದರಿಂದ ಹೊಗೆಯೂ ಉರಿದುಹೋಗುತ್ತದೆ. ಇಡೀ ಕೆಲಸದ ಗುಟ್ಟು ಮುಂದಿನ ಪದರ ಹಾಕುವ ಹೊತ್ತಿನಲ್ಲಿದೆ. ಪೆಂಡಿಯ ಮೇಲ್ಮೈಯಲ್ಲಿ ಜ್ವಾಲೆ ಕುಗ್ಗಿ, ಕಪ್ಪಿನ ಮೇಲೆ ವಿಭೂತಿ ಹಚ್ಚಿದಂತೆ ತೆಳ್ಳಗೆ ಬೂದುಬಣ್ಣ ಕಾಣಿಸಿಕೊಂಡ ಕ್ಷಣವೇ ಮುಂದಿನ ಪದರ ಬೀಳಬೇಕು. ಅದಕ್ಕಿಂತ ಮುಂಚೆ ಹಾಕಿದರೆ ಜ್ವಾಲೆ ಉಸಿರುಗಟ್ಟಿ ದಟ್ಟ ಹೊಗೆ ಏಳುತ್ತದೆ. ಆ ಹೊಗೆಯಲ್ಲೇ ಮೀಥೇನ್ ಇರುವುದು, ನೀವು ಉಳಿಸಿದ ಕಾರ್ಬನ್ನಿನ ಲಾಭವನ್ನು ಅದು ತಿಂದುಹಾಕುತ್ತದೆ. ತಡ ಮಾಡಿದರೆ ಇದ್ದಿಲು ಬೂದಿಯಾಗುತ್ತದೆ. ಬಿಳಿ ಹೊಗೆ ಬಂದರೆ ರವದಿ ಹಸಿ ಎಂದರ್ಥ, ಹಳದಿ ಕಂದು ಹೊಗೆ ಬಂದರೆ ಪದರ ದಪ್ಪವಾಯಿತು ಎಂದರ್ಥ.

ಎರಡೂವರೆ ಮೂರು ಗಂಟೆಯಲ್ಲಿ ಗುಂಡಿ ತುಂಬುತ್ತದೆ. ಕೊನೆಯ ಪದರಕ್ಕೂ ಬೂದುಬಣ್ಣ ಬಂದ ಕೂಡಲೇ ನೀರು ಸುರಿಯಿರಿ. ಅಂಚಿನಿಂದ ಸುತ್ತಲೂ ಸುರಿಯುತ್ತ ಉದ್ದ ಹಿಡಿಯ ಸಲಿಕೆಯಿಂದ ತಿರುವಬೇಕು. ಆಗ ಏಳುವ ಹಬೆ ಮುಖ ಸುಡುತ್ತದೆ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಮೇಲಿನಿಂದ ತಣ್ಣಗಾದಂತೆ ಕಂಡರೂ ನಡುವೆ ಕೆಂಡ ಅಡಗಿರುತ್ತದೆ. ಒಂದು ದಿನ ಬಿಟ್ಟು, ಕೈ ಹಾಕಿ ಬಿಸಿ ಇಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಚೀಲಕ್ಕೆ ತುಂಬಿ. ಅವಸರಪಟ್ಟು ತುಂಬಿದ ಚೀಲ ರಾತ್ರಿ ಹೊತ್ತಿಕೊಂಡು ಕೊಟ್ಟಿಗೆಗೆ ಬೆಂಕಿ ಬೀಳಬಹುದು. ಒಣ ಇದ್ದಿಲಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಸದಾ ತೇವ ಮಾಡಿಯೇ ಜಾಲಾಡಿ, ಬಾಯಿಗೆ ಬಟ್ಟೆ ಇರಲಿ.

ಒಂದು ಗುಂಡಿಗೆ ಸುಮಾರು 500 ಕೆಜಿ ರವದಿ ಹಿಡಿಯುತ್ತದೆ, ಒಣ ತೂಕದಲ್ಲಿ 90 ಕೆಜಿ ಇದ್ದಿಲು ಬಂದರೆ ಕೆಲಸ ಚೆನ್ನಾಯಿತು ಎನ್ನಿ. ಪರೀಕ್ಷೆಗೆ ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ. ಕಪ್ಪು ನೀರಿಗೇ ತೊಳೆದುಹೋದರೆ ಸರಿಯಾಗಿ ಬೆಂದಿದೆ. ಜಿಡ್ಡು ಹತ್ತಿ, ಹೊಗೆಯ ವಾಸನೆ ಬಂದು, ಸೋಪು ಹಚ್ಚಿದರೂ ಹೋಗದಿದ್ದರೆ ಟಾರು ಉಳಿದಿದೆ. ಅದನ್ನು ಹೊಲಕ್ಕೆ ಹಾಕದೆ ಮುಂದಿನ ಗುಂಡಿಗೆ ಹಾಕಿ.

ಬರೀ ಇದ್ದಿಲನ್ನು ನೇರವಾಗಿ ಮಣ್ಣಿಗೆ ಹಾಕಿದರೆ ಅದು ಮೊದಲು ಸಾರಜನಕವನ್ನು ಹೀರಿಕೊಂಡು ಬೆಳೆಯನ್ನು ಹಸಿವಿಗೆ ಹಾಕುತ್ತದೆ. ತಿಪ್ಪೆ ಗೊಬ್ಬರದ ಜೊತೆ ಬುಟ್ಟಿಗೆ ಬುಟ್ಟಿ ಸಮ ಬೆರೆಸಿ, ಸಗಣಿ ಗಂಜಲದ ನೀರು ಚಿಮುಕಿಸಿ, ಎರಡು ಮೂರು ವಾರ ನೆರಳಲ್ಲಿ ಮುಚ್ಚಿಡಿ. ಎಕರೆಗೆ 200ರಿಂದ 400 ಕೆಜಿ ಇದ್ದಿಲು ಸಾಕು, ಎರಚದೆ ಬೇರಿನ ಸಾಲಿಗೇ ಹಾಕಿ.

ನಿಮ್ಮ ಮಣ್ಣಿನ ವಿಷಯ ಈಗ. ಎರೆ ಮಣ್ಣಿನ ಪಿಎಚ್ (ಆಮ್ಲ, ಕ್ಷಾರದ ಅಳತೆ; 7 ದಾಟಿದರೆ ಕ್ಷಾರ) ಸಾಮಾನ್ಯವಾಗಿ 8 ದಾಟಿರುತ್ತದೆ. ರವದಿಯ ಇದ್ದಿಲಿನಲ್ಲಿ ಬೂದಿ ಹೆಚ್ಚು, ಅದರ ಪಿಎಚ್ 9ರಿಂದ 10. ಇದ್ದಿಲಿನಿಂದ ಇಳುವರಿ ಹೆಚ್ಚಿದ ಪ್ರಯೋಗಗಳಲ್ಲಿ ಹೆಚ್ಚಿನವು ಆಮ್ಲೀಯ, ಬಡ, ಮರಳು ಮಣ್ಣಿನವು. ಖಾನಾಪುರದ ಮಳೆನಾಡಿನ ಕೆಂಪು ಮಣ್ಣಿಗೆ ಅದು ಸುಣ್ಣದಂತೆಯೂ ಕೆಲಸ ಮಾಡುತ್ತದೆ, ನಿಮ್ಮ ಹೊಲದಲ್ಲಿ ಆ ಲಾಭ ಇಲ್ಲ. ಇಲ್ಲಿ ಇದ್ದಿಲನ್ನು ಗೊಬ್ಬರದ ಸತ್ವ ಹಿಡಿದಿಡುವ ಸಹಾಯಕ ಎಂದಷ್ಟೇ ನೋಡಿ. 5 ಗುಂಟೆಯಲ್ಲಿ ಒಂದು ಬೆಳೆ ಹಾಕಿ, ಪಕ್ಕದ 5 ಗುಂಟೆಯ ಜೊತೆ ತೂಗಿ ನೋಡಿ, ನಂತರ ಮುಂದುವರಿಯಿರಿ. ಕಾಲುವೆ ಬದಿಯ ತಗ್ಗಿನಲ್ಲಿ ಸವಳು (ಉಪ್ಪು) ಎದ್ದಿದ್ದರೆ ಅಲ್ಲಿಗೆ ರವದಿಯ ಇದ್ದಿಲು ಬೇಡವೇ ಬೇಡ. ಅಲ್ಲಿ ಮೊದಲು ಬಸಿಗಾಲುವೆ, ಆಮೇಲೆ ಮಣ್ಣು ಪರೀಕ್ಷೆ ಹೇಳಿದರೆ ಜಿಪ್ಸಂ.

ಕ್ರೆಡಿಟ್ಟಿನ ರೊಕ್ಕದ ಲೆಕ್ಕ. 90 ಕೆಜಿ ಇದ್ದಿಲಿನಲ್ಲಿ 60 ಪ್ರತಿಶತ ಕಾರ್ಬನ್ ಎಂದರೆ 54 ಕೆಜಿ, ಕಾರ್ಬನ್ ಡೈಆಕ್ಸೈಡಿನ ತೂಕಕ್ಕೆ ಬದಲಿಸಲು ಅದನ್ನು 3.67ರಿಂದ ಗುಣಿಸಿ, ನೂರು ವರ್ಷ ಉಳಿಯುವ 80 ಪ್ರತಿಶತ ಹಿಡಿದರೆ 158 ಕೆಜಿ ಕಾರ್ಬನ್ ಡೈಆಕ್ಸೈಡ್. ಒಂದು ಕ್ರೆಡಿಟ್ ಎಂದರೆ ಗಾಳಿಗೆ ಹೋಗದಂತೆ ಉಳಿಸಿದ ಒಂದು ಟನ್ ಕಾರ್ಬನ್ ಡೈಆಕ್ಸೈಡಿಗೆ ಸಿಗುವ, ಮಾರಬಹುದಾದ ಪತ್ರ. ಆರೇಳು ಗುಂಡಿಗೆ ಒಂದು ಕ್ರೆಡಿಟ್. ನಿಮ್ಮ 24 ಟನ್ ರವದಿಯಲ್ಲಿ ಅರ್ಧ ಇದ್ದಿಲು ಮಾಡಿದರೆ 24 ಗುಂಡಿ, ಸಾವಿರಾರು ಪೆಂಡಿ, ಮೀಥೇನ್ ಮತ್ತು ಸಾಗಣೆ ಕಳೆದು ಕೈಗೆ ಮೂರು ಕ್ರೆಡಿಟ್ ಆಸುಪಾಸು. ಪೆಂಡಿ ಕಟ್ಟುವ ಆಳಿನ ಕೂಲಿಯನ್ನು ಇದರ ಪಕ್ಕ ಬರೆದು ನೋಡಿ. ಬಂದವರು ಮೋಸಗಾರರು ಎಂದು ಇದರಿಂದ ಹೇಳಲಾಗದು. ಕ್ರೆಡಿಟ್ ನೋಂದಾಯಿಸುವ ಅಂತರರಾಷ್ಟ್ರೀಯ ಸಂಸ್ಥೆ ವೆರ್ರಾದ ವಿಎಂ0044ದಂತಹ ವಿಧಾನಗಳು ಇವೆ, ಕೇಂದ್ರ ಸರ್ಕಾರವೂ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟಿಸಿದೆ. ಆದರೆ ನಿಜವಾದ ಯೋಜನೆ ಪ್ರತಿ ಗುಂಡಿಯ ತೂಕ, ತೇವಾಂಶ, ಜಾಗದ ಗುರುತಿರುವ ಫೋಟೋ, ಪ್ರಯೋಗಾಲಯದಲ್ಲಿ ಹೈಡ್ರೋಜನ್ ಕಾರ್ಬನ್ ಅನುಪಾತದ ಪರೀಕ್ಷೆ, ಮಣ್ಣಿಗೆ ಹಾಕಿದ ದಾಖಲೆ ಎಲ್ಲವನ್ನೂ ಕೇಳುತ್ತದೆ. ಇವುಗಳ ಮಾತೇ ಎತ್ತದೆ ಸಹಿ ಕೇಳಿದರೆ ಅಥವಾ ನೋಂದಣಿಗೆ ಮುಂಗಡ ದುಡ್ಡು ಕೇಳಿದರೆ ಬಾಗಿಲು ತೋರಿಸಿ. ಕಾಗದ ಕನ್ನಡದಲ್ಲಿ ಕೊಡಿ ಎನ್ನಿ. ಎಷ್ಟು ವರ್ಷ ಬಂಧ, ಕ್ರೆಡಿಟ್ಟಿನ ಹಕ್ಕು ಯಾರದು, ಮಾರಿದ ಬೆಲೆಯಲ್ಲಿ ರೈತನ ಪಾಲೆಷ್ಟು, ಕೂಲಿ ಯಾರು ಕೊಡುತ್ತಾರೆ ಎಂಬ ನಾಲ್ಕು ಸಾಲು ಅದರಲ್ಲಿ ಇರಲೇಬೇಕು.

ಕೆಲವು ಕಡೆ ಬೇಲರ್ ಯಂತ್ರದಿಂದ ರವದಿಯ ಕಟ್ಟು ಮಾಡಿ ಬಾಯ್ಲರಿಗೆ ಒಯ್ಯುತ್ತಾರೆ. ರವದಿ ಸಿಗದಿದ್ದರೆ ಆ ಬಾಯ್ಲರ್ ಕಲ್ಲಿದ್ದಲು ಸುಡುತ್ತಿತ್ತು ಎಂದಾದರೆ ಒಂದು ಟನ್ ರವದಿ ಒಂದು ಟನ್‌ಗಿಂತ ಹೆಚ್ಚು ಕಾರ್ಬನ್ ಡೈಆಕ್ಸೈಡ್ ತಪ್ಪಿಸುತ್ತದೆ, ಇದ್ದಿಲಿಗಿಂತ ಮೂರು ಪಟ್ಟಿಗೂ ಮೇಲು. ಕಬ್ಬಿನ ಸಿಪ್ಪೆಯನ್ನೇ ಸುಡುವ ಬಾಯ್ಲರಿಗೆ ಹೋದರೆ ಆ ಲಾಭ ಇಲ್ಲ. ಕೊಡುವುದಾದರೆ ಅರ್ಧ ಕೊಡಿ, ಅರ್ಧ ನೆಲಕ್ಕೆ ಬಿಡಿ.

ದೊಡ್ಡ ಚಿಮಣಿಗಳ ಬಗ್ಗೆ ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕೂಡಗಿಯಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ. ಯೂನಿಟ್ಟಿಗೆ 0.9 ಕೆಜಿ ಹಿಡಿದರೆ ಪೂರ್ತಿ ಹೊರೆಯಲ್ಲಿ ಸೆಕೆಂಡಿಗೆ 600 ಕೆಜಿ ಕಾರ್ಬನ್ ಡೈಆಕ್ಸೈಡ್. ನಿಮ್ಮ ಹೊಲದ ವರ್ಷದ ಒಟ್ಟು ಲೆಕ್ಕ ಅಲ್ಲಿ ಅರ್ಧ ನಿಮಿಷಕ್ಕೂ ಕಡಿಮೆ. ಈ ಹೊಗೆಯಿಂದ ಅನಿಲವನ್ನು ಹಿಡಿಯುವ ವಿದ್ಯೆ ಇದೆ. ಅಮೀನ್ ಎಂಬ ರಾಸಾಯನಿಕದ ದ್ರಾವಣ 40 ಡಿಗ್ರಿ ಹತ್ತಿರ ಕಾರ್ಬನ್ ಡೈಆಕ್ಸೈಡನ್ನು ಹಿಡಿದುಕೊಂಡು 120 ಡಿಗ್ರಿಗೆ ಕಾಯಿಸಿದಾಗ ಬಿಟ್ಟುಕೊಡುತ್ತದೆ. ತೊಡಕು ಆ ಕಾಯಿಸುವುದರಲ್ಲಿದೆ: ಸ್ಥಾವರದ ವಿದ್ಯುತ್ತಿನ ಐದನೇ ಒಂದು ಭಾಗಕ್ಕೂ ಹೆಚ್ಚು ಅದಕ್ಕೇ ಹೋಗಬಹುದು. ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ಮಧ್ಯಪ್ರದೇಶದ ವಿಂಧ್ಯಾಚಲ ಸ್ಥಾವರದಲ್ಲಿ ದಿನಕ್ಕೆ 20 ಟನ್ ಹಿಡಿಯುವ ಘಟಕ ನಡೆಸಿದೆ, ಆ ಅನಿಲವನ್ನು ಹೈಡ್ರೋಜನ್ ಜೊತೆ ಸೇರಿಸಿ ಮೆಥನಾಲ್ ಮಾಡುವುದು ಗುರಿ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮತ್ತು ಐಐಟಿ ಬಾಂಬೆಯಲ್ಲಿ ಇದೇ ಕೆಲಸಕ್ಕೆಂದು ರಾಷ್ಟ್ರೀಯ ಕೇಂದ್ರಗಳಿವೆ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕಿಂತ ಸುಲಭದ ಜಾಗ ಡಿಸ್ಟಿಲರಿ. ಸಕ್ಕರೆ ಹುದುಗಿ ಎಥೆನಾಲ್ ಆಗುವಾಗ ಲೀಟರಿಗೆ ಮುಕ್ಕಾಲು ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕದಲ್ಲಿ 75 ಟನ್. ಅದು ಹೆಚ್ಚುಕಡಿಮೆ ಶುದ್ಧವಾಗಿಯೇ ಇರುವುದರಿಂದ ಅಮೀನ್ ಬೇಡ, ತೊಳೆದು ಒತ್ತಿ ತುಂಬಿದರೆ ಮುಗಿಯಿತು. ಸೋಡಾಕ್ಕೆ, ಒಣ ಮಂಜಿಗೆ ಮಾರಿದರೆ ಮತ್ತೆ ಗಾಳಿಗೇ ಹೋಗುತ್ತದೆ, ನೆಲದಾಳಕ್ಕೆ ಇಳಿಸಿದರೆ ನಿಜವಾದ ಉಳಿತಾಯ. ಬಾಗಲಕೋಟೆಯ ಸಿಮೆಂಟಿನ ಕಥೆ ಬೇರೆ. ಅಲ್ಲಿ ಸುಣ್ಣದ ಕಲ್ಲೇ ಒಡೆದು ನೂರು ಕೆಜಿಗೆ 44 ಕೆಜಿ ಅನಿಲ ಬಿಡುತ್ತದೆ, ಸೌರ ವಿದ್ಯುತ್ ಹಾಕಿದರೂ ಅದು ನಿಲ್ಲದು. ದೆಹಲಿ, ಮದ್ರಾಸ್, ಬಾಂಬೆ ಐಐಟಿಗಳು ಸ್ವಿಟ್ಜರ್ಲೆಂಡಿನ ತಜ್ಞರ ಜೊತೆ ರೂಪಿಸಿದ ಎಲ್‌ಸಿ3 ಸಿಮೆಂಟಿನಲ್ಲಿ ಕ್ಲಿಂಕರ್ (ಸುಣ್ಣದ ಕಲ್ಲು ಸುಟ್ಟು ಮಾಡುವ ಮೂಲ ಪದಾರ್ಥ) ಅರ್ಧಕ್ಕೆ ಇಳಿದು ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲಿನ ಪುಡಿ ಆ ಜಾಗ ತುಂಬುತ್ತವೆ. 2023ರಲ್ಲಿ ಐಎಸ್ 18189 ಎಂಬ ಮಾನಕವೂ ಬಂದಿದೆ.

ವಿಜಯಪುರ, ಅಥಣಿಯ ಕೆಳಗಿನ ಕರಿಕಲ್ಲಿನಲ್ಲಿ ಈ ಅನಿಲವನ್ನು ಹೂಳುವ ಬಗ್ಗೆಯೂ ಕೇಳಿರಬಹುದು. ಐಸ್‌ಲ್ಯಾಂಡಿನಲ್ಲಿ ಅಂಥದೇ ಬಸಾಲ್ಟಿಗೆ ನೀರಿನಲ್ಲಿ ಕರಗಿಸಿ ಇಳಿಸಿದ ಕಾರ್ಬನ್ ಡೈಆಕ್ಸೈಡ್ ಎರಡು ವರ್ಷದೊಳಗೆ 95 ಪ್ರತಿಶತ ಕಲ್ಲಾದದ್ದನ್ನು 2016ರಲ್ಲಿ ವರದಿ ಮಾಡಿದರು. ಆದರೆ ಒಂದು ಟನ್‌ಗೆ 25 ಟನ್ ನೀರು ಬೇಕು. ವಿಜಯಪುರದ ಬೇಸಿಗೆ ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಕರಿಕಲ್ಲಿನ ಪುಡಿಯನ್ನು ಹೊಲಕ್ಕೆ ಎರಚಿ ಈ ಅನಿಲ ಹೀರಿಸುವ ವಿಧಾನಕ್ಕೆ 2025ರಲ್ಲಿ ಎಕ್ಸ್‌ಪ್ರೈಜ್ ಎಂಬ ಅಂತರರಾಷ್ಟ್ರೀಯ ಬಹುಮಾನ ಬಂದಿದೆ, ಮಾಟಿ ಕಾರ್ಬನ್ ಎಂಬ ಸಂಸ್ಥೆ ಭಾರತದ ಸಣ್ಣ ರೈತರ ಜೊತೆಯೇ ಆ ಕೆಲಸ ಮಾಡುತ್ತಿದೆ. ಅದೂ ಆಮ್ಲೀಯ ಮಣ್ಣಿನಲ್ಲಿ ಚುರುಕು. ನಿಮ್ಮಂಥ ಎರೆ ಮಣ್ಣು ಹೆಚ್ಚಾಗಿ ಬಸಾಲ್ಟ್ ಸವೆದೇ ಆದದ್ದು, ಅಲ್ಲಿಗೆ ಅದೇ ಕಲ್ಲನ್ನು ಕೊಂಡು ಹಾಕುವುದರಲ್ಲಿ ಅರ್ಥವಿಲ್ಲ.

ಈ ಸಲ ಕಬ್ಬು ಕಡಿಯುವ ಗ್ಯಾಂಗ್ ಬರುವ ಮುಂಚೆ ಒಂದು ಕೆಲಸ ಮಾಡಿಡಿ. ಹೊಲದ ಎಂಟು ಹತ್ತು ಕಡೆ ಗೇಣು ಆಳದ ಮಣ್ಣು ತೆಗೆದು ಬೆರೆಸಿ, ಅರ್ಧ ಕೆಜಿಯನ್ನು ನೆರಳಲ್ಲಿ ಒಣಗಿಸಿ, ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಪಿಎಚ್, ಲವಣಾಂಶ, ಸಾವಯವ ಇಂಗಾಲ ಈ ಮೂರನ್ನು ಬರೆಸಿಕೊಳ್ಳಿ. ಗೊಬ್ಬರ ಚೆಲ್ಲಿದ ಜಾಗ, ಒಡ್ಡಿನ ಬುಡ, ಹಿಂದೆ ರವದಿ ಸುಟ್ಟ ಬೂದಿಯ ಗುರುತಿರುವ ಜಾಗದಿಂದ ತೆಗೆಯಬೇಡಿ. 5 ಗುಂಟೆಯ ಪ್ರಯೋಗದ ಮಣ್ಣನ್ನು ಬೇರೆ ಚೀಲದಲ್ಲಿ ಕೊಡಿ, ಚೀಟಿಯ ಮೇಲೆ ತಾರೀಖು ಬರೆಯಿರಿ, ಮೂರನೇ ಕುಳೆಯ ಹೊತ್ತಿಗೆ ಅದೇ ಜಾಗದಿಂದ ಮತ್ತೆ ತೆಗೆಯಿರಿ.